ಹಿತ್ತಲಲ್ಲಿ ಮೇಪಲ್ ಸಿರಪ್: ರಸ ಕಾಯಿಸುವ ಒಲೆ ನಾವೇ ಕಟ್ಟಿಕೊಳ್ಳೋದು ಹೇಗೆ?

ಹಿತ್ತಲಮರ (ರಾಚೆಸ್ಟರ್, ನ್ಯೂಯಾರ್ಕ್)

ಎಲ್ಲರಿಗೂ ನಮಸ್ಕಾರ. ನಾವು ಇರೋದು ರಾಚೆಸ್ಟರ್ ಊರಾಚೆ. ಮನೆ ಹಿಂದೆ ನಾಲ್ಕು ದೊಡ್ಡ ಮೇಪಲ್ ಮರಗಳಿವೆ. ಒಂದನ್ನಂತೂ ತಬ್ಬಿದರೆ ಎರಡು ಕೈ ಸೇರುವುದಿಲ್ಲ. ಶುಗರ್ ಮೇಪಲ್ಲೇ ಅಂತ ಎಲೆ ಉದುರುವ ಮುಂಚೆಯೇ ನೋಡಿ ಖಾತ್ರಿ ಮಾಡಿಕೊಂಡಿದ್ದೇನೆ. ಎಲೆಯ ಅಂಚು ನಯವಾಗಿದೆ, ಗರಗಸದ ಹಲ್ಲಿಲ್ಲ, ತೊಟ್ಟು ಮುರಿದರೆ ಬಿಳಿ ಹಾಲು ಬರಲಿಲ್ಲ.

ಫೆಬ್ರವರಿ ಕೊನೆಗೆ ಈ ಮರಗಳಿಂದ ಸಿಹಿ ರಸ ಇಳಿಸಿ, ಕಾಯಿಸಿ ಸಿರಪ್ (ಪಾಕ) ಮಾಡೋಣ ಅಂತಿದ್ದೇನೆ. ಮರಕ್ಕೆ ತೂತು ಕೊರೆಯೋದು, ಬಕೆಟ್ ತೂಗುಹಾಕೋದು ಹೇಗೆ ಅಂತ ಹೇಳೋ ವಿಡಿಯೋಗಳು ಬೇಕಾದಷ್ಟಿವೆ. ನನ್ನ ತಲೆ ಕೆಟ್ಟಿರೋದು ಕಾಯಿಸುವ ವಿಷಯದಲ್ಲಿ. ಅಂಗಡಿಯಲ್ಲಿ ಸಿಗುವ ಸಣ್ಣ ಇವ್ಯಾಪರೇಟರಿನ (ರಸದ ನೀರು ಆವಿ ಮಾಡುವ ಒಲೆ-ಪ್ಯಾನಿನ ಸೆಟ್) ಬೆಲೆ ನೋಡಿದರೆ ನಾಲ್ಕು ಮರಕ್ಕೆ ಅದು ಯಾವ ಜನ್ಮಕ್ಕೂ ಗಿಟ್ಟುವುದಿಲ್ಲ. ಅಡುಗೆಮನೆಯಲ್ಲಿ ಕಾಯಿಸುವ ಹಾಗಿಲ್ಲ ಅಂತ ಮನೆಯಾಕೆ ಈಗಾಗಲೇ ಹೇಳಿಬಿಟ್ಟಿದ್ದಾಳೆ. ಅಮ್ಮ ತುಮಕೂರಿಂದ ಫೋನಲ್ಲಿ, ಹಾಲು ಕಾಯಿಸೋ ಹಾಗೆ ಒಂದು ದೊಡ್ಡ ಪಾತ್ರೇಲಿ ಇಟ್ಟರೆ ಆಯ್ತಪ್ಪ, ಅದಕ್ಕೇನು ಒಲೆ ಕಟ್ಟಬೇಕು ಅಂತಾರೆ.

ಕೈಯಲ್ಲಿರೋ ಸಾಮಾನು ಇಷ್ಟು: ಬೇಲಿ ಕೆಲಸದಲ್ಲಿ ಉಳಿದ ಕಾಂಕ್ರೀಟ್ ಬ್ಲಾಕುಗಳು, ಪಕ್ಕದ ಮನೆಯವರು ಕೊಡ್ತೀನಿ ಅಂದಿರೋ 55 ಗ್ಯಾಲನ್ನಿನ (ಒಂದು ಗ್ಯಾಲನ್ ಅಂದರೆ ಹತ್ತಿರ ಹತ್ತಿರ 3.8 ಲೀಟರ್) ಕಬ್ಬಿಣದ ಡ್ರಮ್, ಟರ್ಕಿ ಕೋಳಿ ಕರಿಯೋ ಗ್ಯಾಸ್ ಬರ್ನರ್ ಮತ್ತು ಅದರ ಎತ್ತರದ ಪಾತ್ರೆ, ಬೇಕಾದಷ್ಟು ಒಣ ಸೌದೆ. ಬ್ಲಾಕಿನ ಒಲೆಯೋ, ಡ್ರಮ್ಮಿನ ಒಲೆಯೋ, ಗ್ಯಾಸೋ? ಪ್ಯಾನ್ ಎಂಥದ್ದು ತಗೊಳ್ಳಲಿ? ನಾಲ್ಕು ಮರದಿಂದ ಅಸಲಿಗೆ ಎಷ್ಟು ಸಿರಪ್ ಬರಬಹುದು? ಮಾಡಿ ಗೊತ್ತಿರುವವರು ಹೇಳಿ.


ವರ್ಮಾಂಟಕ್ಕ (ವರ್ಮಾಂಟ್)

ಅಮ್ಮನ ದೊಡ್ಡ ಪಾತ್ರೆ ಮಾತ್ರ ಬೇಡ. ಯಾಕೆ ಅಂತ ಲೆಕ್ಕ ಹೇಳುತ್ತೇನೆ, ಉಳಿದದ್ದೆಲ್ಲ ಆ ಲೆಕ್ಕದ ಮೇಲೇ ನಿಂತಿದೆ.

ಶುಗರ್ ಮೇಪಲ್ ರಸದಲ್ಲಿ ಸಕ್ಕರೆ ಇರೋದು ಸುಮಾರು 2 ಶೇಕಡಾ. ಇಲ್ಲಿಯವರು 86 ಅನ್ನು ರಸದ ಸಕ್ಕರೆ ಶೇಕಡಾದಿಂದ ಭಾಗಿಸುತ್ತಾರೆ. ಒಂದು ಗ್ಯಾಲನ್ ಸಿರಪ್‌ಗೆ ಅಷ್ಟು ಗ್ಯಾಲನ್ ರಸ ಬೇಕು. 2 ಶೇಕಡಾ ಅಂದರೆ 43 ಗ್ಯಾಲನ್. ಅಂದರೆ ಒಂದು ಗ್ಯಾಲನ್ ಸಿರಪ್‌ಗೆ 42 ಗ್ಯಾಲನ್ ನೀರನ್ನು ನೀವು ಗಾಳಿಗೆ ಬಿಡಬೇಕು. ಇಲ್ಲಿ ಬೇಯಿಸುವ ಕೆಲಸ ಏನೂ ಇಲ್ಲ, ಇರೋದು ನೀರು ಓಡಿಸುವ ಕೆಲಸ. ನೀರು ಹೋಗೋದು ಮೇಲ್ಮೈಯಿಂದ. ಪಾತ್ರೆ ಎಷ್ಟು ಆಳ ಅನ್ನೋದು ಲೆಕ್ಕಕ್ಕಿಲ್ಲ, ಎಷ್ಟು ಅಗಲ ಅನ್ನೋದೇ ಮುಖ್ಯ. ಚಪ್ಪಟೆ ಪ್ಯಾನ್, ಕೆಳಗೆ ಬೆಂಕಿ ಚೆನ್ನಾಗಿದ್ದರೆ ಗಂಟೆಗೆ ಒಂದು ಚದರ ಅಡಿಗೆ ಒಂದು ಗ್ಯಾಲನ್ ಹೋಗುತ್ತದೆ. ನಿಮ್ಮ ಟರ್ಕಿ ಪಾತ್ರೆ 12 ಇಂಚು ಅಗಲ ಅಂದುಕೊಳ್ಳಿ, ಮುಕ್ಕಾಲು ಚದರ ಅಡಿ ಸ್ವಲ್ಪ ಜಾಸ್ತಿ ಅಷ್ಟೇ. ಅದರಲ್ಲಿ 40 ಗ್ಯಾಲನ್ ಇಳಿಸೋಕೆ ಎರಡು ಹಗಲು ಎರಡು ರಾತ್ರಿ ಕೂರಬೇಕಾಗುತ್ತದೆ.

ಮನೆಯಾಕೆ ಹೇಳಿದ್ದು ಸರಿ. ಅಷ್ಟು ಹಬೆ ಮನೆಯೊಳಗೆ ಹೋದರೆ ಗೋಡೆಯ ಕಾಗದ ಕಿತ್ತು ಬರುತ್ತದೆ, ಮಾಡು ಗೋಡೆಯೆಲ್ಲ ಅಂಟಂಟು.

ಮೊದಲ ವರ್ಷಕ್ಕೆ ಬ್ಲಾಕಿನ ಒಲೆ ಕಟ್ಟಿ. ಪ್ಯಾನ್‌ಗೆ ಹೋಟೆಲ್ ಸಾಮಾನು ಮಾರುವ ಅಂಗಡಿಗೆ ಹೋಗಿ. ಬಫೆ ಊಟದಲ್ಲಿ ಬಿಸಿನೀರಿನ ಮೇಲೆ ಪಲ್ಯ, ಅನ್ನ ಇಟ್ಟಿರುತ್ತಾರಲ್ಲ, ಆ ಸ್ಟೀಲ್ ಟ್ರೇ. 12 ಇಂಚು 20 ಇಂಚಿನದ್ದು, 4 ಇಂಚು ಆಳದ್ದು, ಮೂರು ತಗೊಳ್ಳಿ. ಮೂರೂ ಸೇರಿ 5 ಚದರ ಅಡಿ. ಮನೆಯಲ್ಲಿ ಕಟ್ಟಿದ ಒಲೆಯಲ್ಲಿ ಶಾಖ ಒಂದಿಷ್ಟು ಪೋಲಾಗುವುದರಿಂದ ಗಂಟೆಗೆ 3 ರಿಂದ 4 ಗ್ಯಾಲನ್ ಅಂದುಕೊಳ್ಳಿ. ಬೆಳಗ್ಗೆ ಶುರು ಮಾಡಿದರೆ ಸಂಜೆಗೆ 20 ಗ್ಯಾಲನ್ ರಸ ಮುಗಿಯುತ್ತದೆ.

ಕಟ್ಟುವಾಗ ಜನ ಎಡವೋದು ಎರಡು ಕಡೆ. ಮೊದಲನೆಯದು ತಳ. ಹಿಮದ ಮೇಲೋ ಹೆಪ್ಪುಗಟ್ಟಿದ ನೆಲದ ಮೇಲೋ ಹಾಗೇ ಕಟ್ಟಿದರೆ ಬೆಂಕಿಯ ಶಾಖಕ್ಕೆ ನೆಲ ಕರಗಿ ಒಲೆ ಒಂದು ಕಡೆಗೆ ವಾಲುತ್ತದೆ. ಪ್ಯಾನಿನ ಒಂದು ಮೂಲೆಯಲ್ಲಿ ಎರಡು ಇಂಚು ರಸ, ಇನ್ನೊಂದು ಮೂಲೆ ಖಾಲಿ. ಆ ಖಾಲಿ ಮೂಲೆಯೇ ಸೀಯೋದು. ಹಾಗಾಗಿ ನೆಲ ಗಟ್ಟಿಯಾಗುವ ಮೊದಲೇ, ನವೆಂಬರ್‌ನಲ್ಲೇ, ಕಲ್ಲುಹಾಸು ಹಾಕಿ ಮಟ್ಟ ಮಾಡಿಟ್ಟುಕೊಳ್ಳಿ.

ಎರಡನೆಯದು ಬೆಂಕಿಯ ದಾರಿ. ಬಹಳ ಜನ ಉದ್ದಕ್ಕೂ ಒಂದೇ ಆಳದ ಗುಂಡಿ ಬಿಡುತ್ತಾರೆ. ಬೆಂಕಿಯೆಲ್ಲ ಮುಂದಿನ ಪ್ಯಾನಿನ ಕೆಳಗೇ ಉರಿದು ಹಿಂದಿನದು ಬರೀ ಬೆಚ್ಚಗಿರುತ್ತದೆ. ಸೌದೆ ಹಾಕುವ ಮುಂದಿನ ಭಾಗ ಮಾತ್ರ ಆಳವಾಗಿರಲಿ, ಅಲ್ಲಿ ಕೆಳಗಿಂದ ಗಾಳಿ ಬರೋಕೆ ಒಂದು ಕಬ್ಬಿಣದ ಜಾಲರಿ. ಅಲ್ಲಿಂದ ಹಿಂದಕ್ಕೆ ಮರಳು ತುಂಬಿ ಇಳಿಜಾರು ಹಾಗೆ ಏರಿಸಿಕೊಂಡು ಹೋಗಿ. ಕೊನೇ ಪ್ಯಾನಿನ ಕೆಳಗೆ ಮೂರು ನಾಲ್ಕು ಇಂಚು ಸಂದು ಉಳಿದರೆ ಸಾಕು. ಆಗ ಜ್ವಾಲೆ ಪ್ಯಾನಿನ ತಳ ಸವರಿಕೊಂಡೇ ಚಿಮಣಿಗೆ ಹೋಗುತ್ತದೆ. ಚಿಮಣಿ 6 ಇಂಚಿನದ್ದು, ಆರೆಂಟು ಅಡಿಯಾದರೂ ಎತ್ತರ ಇರಲಿ. ಕುಳ್ಳ ಚಿಮಣಿ ಎಳೆಯೋದಿಲ್ಲ, ಹೊಗೆಯೆಲ್ಲ ಪ್ಯಾನಿನ ಅಂಚಿಂದ ಮೇಲೆ ಬಂದು ಸಿರಪ್‌ಗೆ ಹೊಗೆ ವಾಸನೆ ಹಿಡಿಯುತ್ತದೆ. ಪ್ಯಾನಿನ ಅಂಚು ಬ್ಲಾಕಿನ ಮೇಲೆ ಕೂರುವ ಕಡೆ ಒಲೆಗೆ ಹಾಕುವ ಶಾಖ ತಡೆಯುವ ಹಗ್ಗ ಸುತ್ತಿ ಸಂದು ಮುಚ್ಚಿ.

ಸಾದಾ ಬ್ಲಾಕು ಶಾಖಕ್ಕೆ ಸೀಳುತ್ತದೆ, ಗಾಬರಿ ಬೇಡ. ಬೆಂಕಿ ಇರುವ ಕಡೆ ಒಳಗೆ ಒಂದು ಸಾಲು ಫೈರ್‌ಬ್ರಿಕ್ (ಬೆಂಕಿ ತಡೆಯುವ ಇಟ್ಟಿಗೆ) ನಿಲ್ಲಿಸಿದರೆ ಜಾಸ್ತಿ ದಿನ ಬಾಳುತ್ತದೆ. ಹೊಳೆಯ ಕಲ್ಲು ಮಾತ್ರ ತಂದು ಹಾಕಬೇಡಿ, ಒಳಗಿನ ನೀರು ಕಾದು ಸಿಡಿಯಬಹುದು.

ಉರಿಸುವಾಗ ಮಣಿಕಟ್ಟು ದಪ್ಪದ ಸೀಳು ಸೌದೆ, ಎಂಟು ಹತ್ತು ನಿಮಿಷಕ್ಕೊಮ್ಮೆ ಸ್ವಲ್ಪ ಸ್ವಲ್ಪ. ದೊಡ್ಡ ಕೊರಡು ತುರುಕಿ ಕಾಫಿ ಕುಡಿಯೋಕೆ ಹೋಗೋ ಕೆಲಸ ಇದಲ್ಲ. ಪ್ಯಾನಿನಲ್ಲಿ ಒಂದೂವರೆ ಇಂಚು ರಸ ಇರಲಿ, ಒಂದು ಇಂಚಿಗಿಂತ ಕೆಳಗೆ ಇಳಿಯೋಕೆ ಬಿಡಬೇಡಿ. ತಣ್ಣಗಿನ ರಸ ಸುರಿದರೆ ಕುದಿ ನಿಂತೇ ಹೋಗುತ್ತದೆ. ಅದಕ್ಕೇ ಚಿಮಣಿ ಪಕ್ಕದ ಪ್ಯಾನಿಗೆ ಹೊಸ ರಸ ಹಾಕಿ, ಅಲ್ಲಿ ಬಿಸಿಯಾದ ಮೇಲೆ ಸೌಟಿನಲ್ಲಿ ಮುಂದಿನವಕ್ಕೆ ದಾಟಿಸಿ.

ನಾಲ್ಕು ಮರಕ್ಕೆ ಎಷ್ಟು ಅಂದರೆ: 10-12 ಇಂಚು ಅಡ್ಡಳತೆಯ ಮರಕ್ಕೆ ಒಂದು ತೂತು, 18 ಇಂಚು ದಾಟಿದ್ದಕ್ಕೆ ಎರಡು. ಒಂದು ತೂತಿಂದ ಇಡೀ ಸೀಸನ್ನಿಗೆ ಸುಮಾರು 10 ಗ್ಯಾಲನ್ ರಸ, ಅಂದರೆ ಒಂದು ಲೀಟರ್ ಹತ್ತಿರ ಸಿರಪ್. ನಿಮಗೆ ಆರು ತೂತು ಬಂದರೆ ಐದಾರು ಲೀಟರ್ ಅಂದುಕೊಳ್ಳಿ. ಹವಾಮಾನ ಕೈಕೊಟ್ಟರೆ ಅರ್ಧ.


ಹಳೇ_ವೆಲ್ಡರ್ (ಮಿಶಿಗನ್)

ಡ್ರಮ್ ವಿಷಯ ಯಾರೂ ಹೇಳಲಿಲ್ಲ ಅಂತ ಬರೀತಿದ್ದೇನೆ. ಡ್ರಮ್ಮನ್ನು ಅಡ್ಡ ಮಲಗಿಸಿ, ಮೇಲ್ಗಡೆ ಪ್ಯಾನ್ ಕೂರುವಷ್ಟು ಕತ್ತರಿಸಿ, ಕಾಲು, ಬಾಗಿಲು, ಚಿಮಣಿ ಜೋಡಿಸಿದರೆ ಬ್ಲಾಕಿಗಿಂತ ಒಳ್ಳೇ ಒಲೆಯಾಗುತ್ತದೆ. ಬಾಗಿಲು, ಕಾಲಿನ ಕಿಟ್ ಸಿಗುತ್ತದೆ. ಆದರೆ ಆ ಡ್ರಮ್ಮಿನಲ್ಲಿ ಮೊದಲು ಏನಿತ್ತು ಅಂತ ಪಕ್ಕದ ಮನೆಯವರನ್ನು ಕೇಳಿ. ಪೆಟ್ರೋಲ್, ಥಿನ್ನರ್, ಕೀಟನಾಶಕ ಅಂದರೆ ಮುಟ್ಟಲೇಬೇಡಿ. ಖಾಲಿ ಕಾಣುವ ಡ್ರಮ್ಮಿನಲ್ಲಿ ಆವಿ ಉಳಿದಿರುತ್ತದೆ, ಗ್ರೈಂಡರ್ ಕಿಡಿ ಬಿದ್ದರೆ ಬಾಂಬು. ಏನಿತ್ತು ಅಂತ ಗೊತ್ತಿಲ್ಲ ಅಂದರೂ ಬೇಡ. ಅಡುಗೆ ಎಣ್ಣೆ ಇದ್ದದ್ದಾದರೆ ಸರಿ. ಅದನ್ನೂ ಬಾಯಿ ಪೂರ್ತಿ ತೆರೆದು, ತೊಳೆದು, ಬಯಲಲ್ಲಿ ಜೋರಾಗಿ ಒಂದು ಬೆಂಕಿ ಹಾಕಿ ಬಣ್ಣವೆಲ್ಲ ಸುಟ್ಟ ಮೇಲೇ ರಸ ಇಡೋದು.

ಇನ್ನು ಸತು ಲೇಪಿಸಿದ ಹೊಳೆಯೋ ತಗಡು ಇದೆಯಲ್ಲ, ಅದು ಚಿಮಣಿಗೂ ಬೇಡ, ಪ್ಯಾನಿಗಂತೂ ಬೇಡವೇ ಬೇಡ. ಕೆಂಪಗೆ ಕಾದರೆ ಸತುವಿನ ಹೊಗೆ ಬರುತ್ತದೆ. ಸೌದೆ ಒಲೆಗೆ ಅಂತಲೇ ಮಾರುವ ಕಪ್ಪು ಪೈಪ್ ತಗೊಳ್ಳಿ. ಹಳೇ ಸಾಮಾನು ಮಾರುವ ಕಡೆ ಚೆಂದದ ಪುರಾತನ ರಸದ ಬಕೆಟ್, ಪ್ಯಾನ್ ಕಾಣಿಸಿದರೆ ಮಾರುಹೋಗಬೇಡಿ. ಬೆಸುಗೆಯಲ್ಲಿ ಸೀಸ ಇರುತ್ತದೆ. ಗೋಡೆಗೆ ತೂಗುಹಾಕಿ, ಅಷ್ಟೇ.


ಮಂಡ್ಯದ_ಮೊಮ್ಮಗ (ಗೆಲ್ಫ್, ಒಂಟಾರಿಯೊ)

ವರ್ಮಾಂಟಕ್ಕ ಹೇಳಿದ್ದಕ್ಕೆ ಮೇಲೆ ಹೇಳೋಕೆ ಏನಿಲ್ಲ. ಆದರೆ ಆಲೆಮನೆ ನೋಡಿ ಬೆಳೆದವರಿಗೆ ಒಂದು ಮಾತು. ನಮ್ಮ ಕಣ್ಣಿನ ಅಂದಾಜು ಇಲ್ಲಿ ಕೆಲಸಕ್ಕೆ ಬರಲ್ಲ. ಕಬ್ಬಿನ ಹಾಲಿನಲ್ಲಿ ಸಕ್ಕರೆ 18-20 ಶೇಕಡಾ ಹತ್ತಿರ ಇರುತ್ತದೆ, ಕೊಪ್ಪರಿಗೆಗೆ ಸುರಿದು ಉರಿ ಹಾಕಿದರೆ ಕೆಲವೇ ಗಂಟೆಯಲ್ಲಿ ಪಾಕ. ಇದು ಬೆಳಗ್ಗೆಯಿಂದ ಮಧ್ಯಾಹ್ನದ ತನಕ ಬರೀ ನೀರು ಕುದ್ದ ಹಾಗೇ ಕಾಣುತ್ತದೆ, ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮೋಸ ಹೋದೆವು ಅನ್ನಿಸುತ್ತದೆ. ಹಾಗಂತ ಬಿಟ್ಟು ಒಳಗೆ ಹೋದಿರೋ, ಕೊನೇ ಅರ್ಧ ಗಂಟೆಯಲ್ಲಿ ಎಲ್ಲ ಒಟ್ಟಿಗೇ ಆಗುತ್ತದೆ. ಗುಳ್ಳೆ ಸಣ್ಣದಾಗಿ, ದಟ್ಟವಾಗಿ, ಹೊಂಬಣ್ಣಕ್ಕೆ ತಿರುಗಿ, ನೋಡನೋಡುತ್ತಿದ್ದಂತೆ ನೊರೆ ಪ್ಯಾನಿನ ಬಾಯಿಗೆ ಬಂದಿರುತ್ತದೆ. ಆಗ ಬೆಣ್ಣೆ, ಒಂದು ಕಡಲೆಕಾಳಿನಷ್ಟು. ಹಾಕಿದ ಕ್ಷಣಕ್ಕೆ ನೊರೆ ಕುಸಿಯುತ್ತದೆ. ನಮ್ಮ ಕಡೆ ಹರಳೆಣ್ಣೆ ಚಿಮುಕಿಸುತ್ತಾರಲ್ಲ, ಅದೇ ಉಪಾಯ. ಬೆಂಡೆಗಿಡದ ಲೋಳೆ, ಸುಣ್ಣ ಇವು ಯಾವುದೂ ಬೇಡ, ಈ ರಸದಲ್ಲಿ ಅಷ್ಟು ಕಲ್ಮಶ ಇಲ್ಲ.

ಹದ ನೋಡೋಕೆ ಥರ್ಮಾಮೀಟರ್ ಬೇಕೇ ಬೇಕು. ಅಂದು ಬೆಳಗ್ಗೆ ಮೊದಲು ಬರೀ ನೀರು ಕುದಿಸಿ ಎಷ್ಟು ತೋರಿಸುತ್ತದೆ ಅಂತ ಬರೆದುಕೊಳ್ಳಿ. ಗಾಳಿಯ ಒತ್ತಡದ ಮೇಲೆ ಅದು ದಿನದಿನಕ್ಕೆ ಒಂದೆರಡು ಡಿಗ್ರಿ ಆಚೀಚೆ ಆಗುತ್ತದೆ. ಅದಕ್ಕಿಂತ 7 ಡಿಗ್ರಿ ಫ್ಯಾರನ್‌ಹೀಟ್ ಮೇಲೆ ಹೋದಾಗ ಸಿರಪ್. ನೀರು 211ಕ್ಕೆ ಕುದ್ದರೆ ಸಿರಪ್ 218ಕ್ಕೆ. ಸೌಟು ಅದ್ದಿ ಎತ್ತಿದಾಗ ಹನಿ ಹನಿ ಬೀಳೋದು ನಿಂತು, ಎರಡು ಹನಿ ಅಂಚಿನಲ್ಲೇ ಕೂಡಿಕೊಂಡು ಅಗಲಕ್ಕೆ ಜಾರುತ್ತದೆ. ಅದು ಕಂಡರೆ ಥರ್ಮಾಮೀಟರ್ ಸುಳ್ಳು ಹೇಳುತ್ತಿಲ್ಲ ಅಂತ ಅರ್ಥ. ಬೆಲ್ಲದ ಪಾಕದ ಹಾಗೆ ನೀರಿಗೆ ಬಿಟ್ಟು ಉಂಡೆ ಕಟ್ಟಿ ನೋಡಬೇಡಿ, ಉಂಡೆ ಕಟ್ಟಿತು ಅಂದರೆ ಸಿರಪ್ ಹದ ಎಂದೋ ದಾಟಿಹೋಗಿದೆ. ಸುಮಾರು 235ಕ್ಕೆ ಹೋದರೆ ಹಿಮದ ಮೇಲೆ ಸುರಿದು ಕಡ್ಡಿಗೆ ಸುತ್ತಿ ತಿನ್ನುವ ಮಿಠಾಯಿ. ಮಕ್ಕಳಿದ್ದರೆ ಒಂದು ಲೋಟ ಅದಕ್ಕೂ ಎತ್ತಿಡಿ.

ಅಂದಹಾಗೆ ನಿಮ್ಮ ರಾಚೆಸ್ಟರ್ ಇರೋದು ಸೆನೆಕಾ ಅನ್ನೋ ಮೂಲನಿವಾಸಿ ಜನರ ನೆಲದಲ್ಲಿ. ಅವರೂ, ಇತ್ತ ಕಡೆಯ ಅನಿಶಿನಾಬೆ ಜನರೂ ಯುರೋಪಿನವರು ಬರುವ ಮುಂಚಿಂದ ಈ ರಸ ಇಳಿಸುತ್ತಿದ್ದವರು. ಅನಿಶಿನಾಬೆಯವರು ಸಿರಪ್‌ಗೆ ನಿಲ್ಲಿಸದೆ ಪೂರ್ತಿ ಸಕ್ಕರೆ ಮಾಡಿ ಬರ್ಚ್ ಮರದ ತೊಗಟೆಯ ಡಬ್ಬಿಯಲ್ಲಿ ವರ್ಷವಿಡೀ ಇಟ್ಟುಕೊಳ್ಳುತ್ತಿದ್ದರು. ಕೆಡದ ಹಾಗೆ ಇಡೋಕೆ ಅದೇ ಸರಿ ತಾನೇ, ನಮ್ಮಲ್ಲಿ ಅಚ್ಚು ಬೆಲ್ಲ ಮಾಡಿದ್ದೂ ಅದಕ್ಕೇ.


ಸುಮ್ನೆ_ಕೇಳಿದೆ (ನ್ಯೂಜೆರ್ಸಿ)

ತಪ್ಪು ತಿಳ್ಕೋಬೇಡಿ, ಆದರೆ ಐದು ಲೀಟರ್ ಸಿರಪ್‌ಗೆ ಇಷ್ಟೆಲ್ಲ ಒದ್ದಾಟ ಯಾಕೆ? ಕಾಸ್ಟ್‌ಕೋ ಅಂಗಡಿಗೆ ಹೋದರೆ ಹತ್ತು ನಿಮಿಷದ ಕೆಲಸ. ಮಾಡಲೇಬೇಕು ಅಂದರೆ ಗ್ಯಾಸ್ ಹಚ್ಚಿ ಸುಮ್ಮನೆ ಕೂರಬಹುದಲ್ವಾ, ಈ ಬ್ಲಾಕು, ಮರಳು, ಚಿಮಣಿ ಎಲ್ಲ ಬೇಕಾ?


ವರ್ಮಾಂಟಕ್ಕ

ಕಾಸ್ಟ್‌ಕೋ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ, ದುಡ್ಡಿನ ಲೆಕ್ಕದಲ್ಲಿ ನೀವು ಹೇಳಿದ್ದೇ ಸರಿ. ಮಾರ್ಚ್‌ನಲ್ಲಿ ಇಲ್ಲಿ ಮಾಡೋಕೆ ಬೇರೆ ಕೆಲಸ ಇಲ್ಲ ಮಾರಾಯ್ರೆ, ಹಿಮ ಪೂರ್ತಿ ಹೋಗಿಲ್ಲ, ತೋಟ ಶುರುವಾಗಿಲ್ಲ. ಬೆಂಕಿ ಮುಂದೆ ನಾಲ್ಕು ಜನ ಕೂತು ಹರಟೆ ಹೊಡೆಯೋಕೆ ಇದೊಂದು ನೆಪ.

ಗ್ಯಾಸ್ ಮಾತಿಗೆ ಉತ್ತರ ಇದೆ. ತಣ್ಣಗಿನ ಒಂದು ಗ್ಯಾಲನ್ ನೀರನ್ನು ಕುದಿಸಿ ಪೂರ್ತಿ ಆವಿ ಮಾಡೋಕೆ ಹತ್ತಿರ ಹತ್ತಿರ 9,500 ಬಿಟಿಯು (ಇಲ್ಲಿ ಶಾಖ ಅಳೆಯುವ ಲೆಕ್ಕ) ಬೇಕು. ಬಯಲಿನ ಬರ್ನರಿನಲ್ಲಿ ಅರ್ಧ ಶಾಖ ಪಕ್ಕಕ್ಕೆ ಹೋಗುತ್ತದೆ, ಹಾಗಾಗಿ 19,000. ಬಾರ್ಬೆಕ್ಯೂಗೆ ಬಳಸುವ 20 ಪೌಂಡಿನ ಸಿಲಿಂಡರಿನಲ್ಲಿರೋದು 4.3 ಲಕ್ಷ ಬಿಟಿಯು. ಭಾಗಿಸಿ ನೋಡಿ, ಒಂದು ಸಿಲಿಂಡರಿಗೆ 22 ಗ್ಯಾಲನ್ ರಸ, ಅಂದರೆ ಅರ್ಧ ಗ್ಯಾಲನ್ ಸಿರಪ್. ಹಿತ್ತಲಮರ ಅವರಿಗೆ ಪೂರ್ತಿ ಸೀಸನ್ನಿಗೆ ಮೂರು ಸಿಲಿಂಡರ್ ಹಿಡಿಯುತ್ತದೆ. ಗಾಳಿ ಬೀಸಿದರೆ ಇನ್ನೂ ಜಾಸ್ತಿ. ಸೌದೆ ಮನೆಯಲ್ಲೇ ಇದೆ ಅಂದಮೇಲೆ ಗ್ಯಾಸ್ ಕೊನೇ ಹಂತಕ್ಕೆ ಮಾತ್ರ ಇಟ್ಟುಕೊಳ್ಳೋದು ಜಾಣತನ. ಸೌದೆ ಬೆಂಕಿಯನ್ನು ಬೇಕೆಂದಾಗ ಆರಿಸೋಕೆ ಆಗಲ್ಲ, ಸಿರಪ್ ಸೀಯೋದು ಅಲ್ಲೇ. ನೀರಿನ ಕುದಿಗಿಂತ ಮೂರು ನಾಲ್ಕು ಡಿಗ್ರಿ ಮೇಲೆ ಬಂದಾಗ ಸೌದೆ ಒಲೆಯಿಂದ ಇಳಿಸಿ, ಉಳಿದ ಮೂರು ಡಿಗ್ರಿಯನ್ನು ಟರ್ಕಿ ಬರ್ನರಿನ ಮೇಲೆ ಸಣ್ಣ ಉರಿಯಲ್ಲಿ ಮುಗಿಸಿ. ಆಗ ಅಮ್ಮನ ಪಾತ್ರೆಗೂ ಕೆಲಸ ಸಿಕ್ಕಿತು.


ಎರಡಂತಸ್ತು (ಬೆಂಗಳೂರು)

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಮೇಪಲ್ ಸಸಿ ತರಿಸಿ ಕೊಡಗಲ್ಲೋ ಚಿಕ್ಕಮಗಳೂರಲ್ಲೋ ನೆಟ್ಟರೆ ಅಲ್ಲೂ ರಸ ಬರುತ್ತಾ?


ಮಂಡ್ಯದ_ಮೊಮ್ಮಗ

ಬರಲ್ಲ ಸರ್. ರಾತ್ರಿ ಹೆಪ್ಪುಗಟ್ಟಬೇಕು, ಹಗಲು ಕರಗಬೇಕು, ಅದೇ ಇದರ ಪಂಪು. ರಾತ್ರಿ 32 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿದಾಗ ಮರದೊಳಗೆ ಒತ್ತಡ ಕುಸಿದು ಬೇರಿಂದ ನೀರು ಎಳೆದುಕೊಳ್ಳುತ್ತದೆ, ಹಗಲು 40ರ ಹತ್ತಿರ ಬೆಚ್ಚಗಾದಾಗ ಒತ್ತಡ ಏರಿ ತೂತಿಂದ ಹೊರಗೆ ತಳ್ಳುತ್ತದೆ. ಇಲ್ಲೂ ಹಗಲು ರಾತ್ರಿ ಎರಡೂ ಬೆಚ್ಚಗಿರುವ ದಿನ ಒಂದು ಹನಿ ಬೀಳಲ್ಲ. ಮುಳ್ಳಯ್ಯನಗಿರಿಯ ಚಳಿ ಇದಕ್ಕೆ ಸಾಲದು. ನಮ್ಮ ಕಡೆ ತಾಳೆ ಬೆಲ್ಲ ಇದೆಯಲ್ಲ, ಅದು ಹೂಗೊಂಚಲು ಕೊಯ್ದು ಇಳಿಸೋ ರಸ, ಆ ಲೆಕ್ಕವೇ ಬೇರೆ.


ಹಿತ್ತಲಮರ

ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ವಿವರ ಬರುತ್ತದೆ ಅಂದುಕೊಂಡಿರಲಿಲ್ಲ. ಡ್ರಮ್ ಕೈಬಿಟ್ಟೆ, ಅದರಲ್ಲಿ ಏನಿತ್ತು ಅಂತ ಪಕ್ಕದವರಿಗೇ ಗೊತ್ತಿಲ್ಲವಂತೆ. ಬ್ಲಾಕು, ಮೂರು ಟ್ರೇ, ಮರಳು, ಕಪ್ಪು ಪೈಪ್. ಇನ್ನೆರಡು ಸಂಶಯ. ವಾರದ ದಿನ ಆಫೀಸು ಇರುತ್ತದೆ, ರಸವನ್ನು ಶನಿವಾರದ ತನಕ ಹೇಗೆ ಇಡೋದು? ಆರ್‌ಓ ಹಾಕಿ ನೀರು ತೆಗೆದರೆ ಒಳ್ಳೇದು ಅಂತ ಎಲ್ಲೋ ಓದಿದೆ, ಅದು ಬೇಕಾ? ಮತ್ತೆ ಸೋಸೋದು, ಬಾಟ್ಲಿಗೆ ಹಾಕೋದು ಒಂಚೂರು ಹೇಳಿಬಿಡಿ ಅಕ್ಕ.


ವರ್ಮಾಂಟಕ್ಕ

ರಸವನ್ನು ಹಾಲಿನಷ್ಟೇ ಜೋಪಾನವಾಗಿ ನೋಡಿಕೊಳ್ಳಿ. ಆಹಾರಕ್ಕೆ ಅಂತಲೇ ಇರುವ ಮುಚ್ಚಳದ ಬಕೆಟ್, ಮನೆಯ ಉತ್ತರಕ್ಕೆ ನೆರಳಲ್ಲಿ, ಸುತ್ತ ಹಿಮ ಒತ್ತಿ ಇಡಿ. ನಾಲ್ಕೈದು ದಿನ ತಡೆಯುತ್ತದೆ. ಮಂಜುಮಂಜಾಗಿ ಬೆಳ್ಳಗಾದರೆ ಕೆಡುತ್ತಿದೆ ಅಂತ. ಬಕೆಟಿನ ಮೇಲೆ ಐಸ್ ಕಟ್ಟಿದ್ದರೆ ಎತ್ತಿ ಬಿಸಾಡಿ, ಅದರಲ್ಲಿ ಸಕ್ಕರೆ ಬಹಳ ಕಮ್ಮಿ. ಬಿಟ್ಟಿಯಾಗಿ ಒಂದಿಷ್ಟು ನೀರು ಕಳೆದ ಹಾಗಾಯಿತು.

ಆರ್‌ಓ ಒಳ್ಳೆಯದೇ. ಅರ್ಧ ನೀರು ತೆಗೆದರೆ 2 ಶೇಕಡಾ ಇದ್ದದ್ದು 4 ಆಗುತ್ತದೆ, 43 ಗ್ಯಾಲನ್ ಕಾಯಿಸೋ ಕಡೆ 21 ಸಾಕು. ಆದರೆ ಪ್ರತಿ ಸಲ ತೊಳೆಯಬೇಕು, ಅದರೊಳಗಿನ ಸೋಸುವ ಪೊರೆ ಒಂದು ರಾತ್ರಿ ಹೆಪ್ಪುಗಟ್ಟಿದರೂ ಹಾಳು. ಆರು ತೂತಿಗೆ ನಾನಂತೂ ತಗೊಳ್ಳಲ್ಲ. ಬೆಂಕಿಯ ಮೇಲೆ ಹೊತ್ತು ಕಳೆದಷ್ಟೂ ಬಣ್ಣ, ರುಚಿ ಕಟ್ಟುತ್ತದೆ, ನನಗೆ ಗಾಢ ಸಿರಪ್ಪೇ ಇಷ್ಟ.

ಸೋಸೋದು ಬಿಸಿ ಇರುವಾಗಲೇ. ಕೊನೆಗೆ ತಳದಲ್ಲಿ ಮರಳಿನಂಥ ಮಡ್ಡಿ ಬರುತ್ತದೆ. ಅದು ರಸದಲ್ಲೇ ಇದ್ದ ಕ್ಯಾಲ್ಸಿಯಂ ಲವಣ, ವಿಷ ಅಲ್ಲ, ತಿಂದರೆ ನಾಲಿಗೆಗೆ ಕರಕರ ಅಷ್ಟೇ. ಮಡ್ಡಿಗೆ ಅಂತ ಮಾರುವ ದಪ್ಪ ಫೆಲ್ಟ್ ಬಟ್ಟೆಯನ್ನು ಬಿಸಿನೀರಲ್ಲಿ ಅದ್ದಿ, ಸುರಿದು, ತಾನಾಗೇ ಇಳಿಯೋಕೆ ಬಿಡಿ. ಹಿಂಡಿದರೆ ಮಡ್ಡಿಯೂ ಇಳಿಯುತ್ತದೆ. ಪಂಚೆಯಲ್ಲಿ ಸೋಸಿದರೆ ಅರ್ಧ ನಿಲ್ಲಲ್ಲ. ಬಟ್ಟೆ ಇಲ್ಲದಿದ್ದರೆ ಗಾಜಿನ ಜಾಡಿಯಲ್ಲಿ ಒಂದೆರಡು ದಿನ ಬಿಟ್ಟು ಮೇಲಿನ ತಿಳಿ ಬಗ್ಗಿಸಿಕೊಂಡು ಮತ್ತೆ ಬಿಸಿ ಮಾಡಿ. ಬಾಟ್ಲಿಗೆ 180-185 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ತುಂಬಿ, ಮುಚ್ಚಿ, ಒಂದು ನಿಮಿಷ ಮಲಗಿಸಿ. ಹದ ಕಮ್ಮಿಯಾದರೆ ಬೂಸ್ಟು, ಜಾಸ್ತಿಯಾದರೆ ಬಾಟ್ಲಿ ತಳದಲ್ಲಿ ಕಲ್ಲುಸಕ್ಕರೆ. ಎರಡನೆಯದಕ್ಕೆ ಯಾರೂ ಅಳಲ್ಲ.

ತೂತು 5/16 ಇಂಚಿನ ಡ್ರಿಲ್ ಬಿಟ್‌ನಲ್ಲಿ, ಒಂದೂವರೆ ಇಂಚು ಆಳ, ಒಳಗಿಂದ ಹೊರಕ್ಕೆ ಸ್ವಲ್ಪ ಇಳಿಜಾರು. ಬರುವ ಮರದ ಪುಡಿ ಬೆಳ್ಳಗಿರಬೇಕು. ಕಂದು ಬಂದರೆ ಅದು ಸತ್ತ ಮರ, ಬೇರೆ ಜಾಗ ನೋಡಿ. ಮೊಗ್ಗು ಉಬ್ಬೋಕೆ ಶುರುವಾದ ದಿನ ನಿಲ್ಲಿಸಿ, ಆಮೇಲಿನ ರಸದ ಸಿರಪ್‌ಗೆ ಒಂಥರಾ ಕೆಟ್ಟ ರುಚಿ. ರಸ ಇಳಿಯೋಕೆ ತೂತಿಗೆ ಸಿಕ್ಕಿಸಿದ ನಳಿಗೆ ಕಿತ್ತು ತೂತನ್ನು ಹಾಗೇ ಬಿಡಿ, ಬೆಣೆ ಹೊಡೆಯಬೇಡಿ, ಮರ ತಾನೇ ಮುಚ್ಚಿಕೊಳ್ಳುತ್ತದೆ. ಮುಂದಿನ ವರ್ಷದ ತೂತು ಅದರಿಂದ ಪಕ್ಕಕ್ಕೂ ಮೇಲಕ್ಕೂ ಸರಿದಿರಲಿ.

ಇನ್ನೊಂದು, ನಿಮ್ಮ ನ್ಯೂಯಾರ್ಕಿನಲ್ಲಿ ಮಾರ್ಚ್ 16 ರಿಂದ ಮೇ 14 ರ ತನಕ ಕಡಿದ ರೆಂಬೆಕೊಂಬೆ ಸುಡೋಕೆ ನಿಷೇಧ ಇದೆ. ಅಡುಗೆಯ ಸಣ್ಣ ಬೆಂಕಿಗೆ ಅದು ತಾಗಲ್ಲ, ಆದರೂ ಊರಿಂದ ಊರಿಗೆ ನಿಯಮ ಬೇರೆ. ಹಚ್ಚುವ ಮುಂಚೆ ನಿಮ್ಮೂರಿನ ಅಗ್ನಿಶಾಮಕದವರಿಗೆ ಒಂದು ಫೋನ್ ಮಾಡಿ.


ಹಳೇ_ವೆಲ್ಡರ್

ಸೀಸನ್ ಮುಗಿದ ಮೇಲೆ ಟ್ರೇ ತಳದಲ್ಲಿ ಬೆಳ್ಳಗೆ ಗಟ್ಟಿ ಕೂತಿರುತ್ತದೆ. ಸ್ಟೀಲ್ ನಾರು ಹಾಕಿ ಉಜ್ಜಬೇಡಿ, ಗೀರು ಬಿದ್ದ ಕಡೆ ಮುಂದಿನ ವರ್ಷ ಸೀಯುತ್ತದೆ. ವಿನೆಗರ್ ನೀರು ತುಂಬಿಸಿ ರಾತ್ರಿ ಬಿಟ್ಟರೆ ಬೆಳಗ್ಗೆ ಮರದ ಸೌಟಿಗೇ ಎದ್ದು ಬರುತ್ತದೆ.